ಡಾಕ್ಟರ್ ಸೀಟು ಮತ್ತು ಲಿಫ್ಟಿನ ಬಾಗಿಲು

ಯಮುನಾ ಮೊದಲ ಸಲ ನನ್ನ ಕೋಣೆಗೆ ಬಂದಾಗ ಅಳುತ್ತಿದ್ದಳು ಎಂದು ಹತ್ತಾರು ಕಡೆ ಹೇಳಿದ್ದೇನೆ. ಈಗ ಬರೆಯಲು ಕೂತಾಗ ಅನುಮಾನ ಬರುತ್ತಿದೆ. ಅತ್ತದ್ದು ಅವಳ ತಾಯಿ ಇರಬಹುದು. ಯಾರೂ ಅಳದೆಯೂ ಇರಬಹುದು. ನಮ್ಮ ಆಫೀಸಿನ ಎಸಿ ಎಷ್ಟು ಜೋರಾಗಿತ್ತೆಂದರೆ ಬಂದವರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು. ಹೆಂಡತಿಯನ್ನು ಕೇಳಿದೆ. "ನೀವು ಒಂದೊಂದು ಸಲ ಒಂದೊಂದು ಥರ ಹೇಳಿದ್ದೀರಿ, ನಾನು ಯಾವುದನ್ನ ಇಟ್ಟುಕೊಳ್ಳಲಿ?" ಎಂದಳು.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವ ಮಾತುಗಳನ್ನು ಅವರವರು ಅಕ್ಷರಶಃ ಹೀಗೇ ಆಡಿದರೆಂದು ಆಣೆ ಮಾಡಲಾರೆ. ನಾನು ಪಿಎಚ್‌ಡಿವರೆಗೆ ಓದಿದ್ದು ಸಂಖ್ಯಾಶಾಸ್ತ್ರ. ಕೊಟ್ಟ ಅಂಕಿಯನ್ನು ಹಾಗೇ ನಂಬಬೇಡ ಎಂದು ಕಲಿಸಿದ ವಿದ್ಯೆ ಕೊನೆಗೆ ನನ್ನ ನೆನಪನ್ನೂ ನಂಬದ ಹಾಗೆ ಮಾಡಿಬಿಟ್ಟಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಈಗ ಕೌನ್ಸೆಲರ್ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗೆ ತರಬೇತಿಯಲ್ಲಿ ಫಾರಂ ತುಂಬುವುದನ್ನು ಹೇಳಿಕೊಡುತ್ತಾರೆಯೇ ಹೊರತು, ಎದುರು ಕೂತ ಮನೆಯವರ ಮುಖ ನೋಡುವುದನ್ನು ಹೇಳಿಕೊಡುವುದಿಲ್ಲ.

ಮೈಸೂರಿನಿಂದ ಮಲೇಷ್ಯಾಕ್ಕೆ ಬಂದು ಪೆಟಾಲಿಂಗ್ ಜಯಾ ಎಂಬ ಊರಿನ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡಲು ಸೇರಿದವನು ನಾನು. ಒಂದೇ ಪಾಠವನ್ನು ಮೂರನೆಯ ವರ್ಷ ಹೇಳುವಾಗ ನನಗೇ ಬೇಜಾರಾಗುತ್ತಿತ್ತು. ಪ್ರವೇಶ ವಿಭಾಗಕ್ಕೆ ಒಬ್ಬರು ಬೇಕು ಎಂದಾಗ ಕೈ ಎತ್ತಿದೆ. ಅಲ್ಲೇ ಉಳಿದೆ, ಅಲ್ಲೇ ನಿವೃತ್ತನಾದೆ.

ಕೆಲಸ ಹೇಳುವುದಕ್ಕೆ ಸುಲಭ. ಇಲ್ಲಿ ಹದಿನೇಳನೆಯ ವಯಸ್ಸಿಗೆ ಮಕ್ಕಳು ಎಸ್‌ಪಿಎಂ ಎಂಬ ಶಾಲಾಂತ್ಯದ ಪರೀಕ್ಷೆ ಬರೆಯುತ್ತಾರೆ. ಫಲಿತಾಂಶ ಬಂದ ವಾರ ನಮ್ಮ ಆಫೀಸು ಮದುವೆ ಮನೆ. ಬಂದ ಮಗುವಿಗೆ ಯಾವ ಕೋರ್ಸು, ಎಷ್ಟು ಶುಲ್ಕ, ಯಾವ ಸಾಲ ಎಂದು ವಿವರಿಸಿ ಸೀಟು ಬರೆದುಕೊಳ್ಳುವುದು ನಮ್ಮ ಕೆಲಸ. ಗೋಡೆಯ ಮೇಲೆ ಬಿಳಿ ಬೋರ್ಡು. ಅದರಲ್ಲಿ ಪ್ರತಿ ಕೌನ್ಸೆಲರನ ಹೆಸರು, ಮುಂದೆ ಆ ವಾರ ಸೇರಿದವರ ಸಂಖ್ಯೆ. ಹೆಸರು ಸಲಹೆಗಾರ, ಸಂಬಳ ಮಾರಾಟಗಾರನದು. ಈ ಮಾತನ್ನು ಸೇರಿದ ದಿನ ಯಾರೂ ನಿಮಗೆ ಹೇಳುವುದಿಲ್ಲ.

ನನ್ನ ಕೋಣೆಯಲ್ಲಿ ಮೇಜಿನ ಎದುರು ಎರಡು ಕುರ್ಚಿ, ಹಿಂದೆ ಗೋಡೆಗೆ ಒಂದು ಸೋಫಾ. ಅಪ್ಪ ಅಮ್ಮ ಕುರ್ಚಿಯಲ್ಲಿ ಕೂರುತ್ತಿದ್ದರು, ಓದಬೇಕಾದ ಮಗು ಸೋಫಾದಲ್ಲಿ. ಎಷ್ಟೋ ವರ್ಷ ನಾನು ಅಪ್ಪಂದಿರ ಜೊತೆ ಮಾತಾಡಿ, ಅಮ್ಮಂದಿರ ಕಡೆ ತಲೆಯಾಡಿಸಿ, ಮಕ್ಕಳ ಹತ್ತಿರ "ಓಕೆ?" ಎಂದಷ್ಟೇ ಕೇಳಿ ಕಳಿಸಿದ್ದೇನೆ. ಮಕ್ಕಳು "ಓಕೆ" ಎನ್ನುತ್ತಿದ್ದರು. ಅವರ ಹೆಸರಿನಲ್ಲಿ ದೊಡ್ಡ ಸಾಲ ಹುಟ್ಟುತ್ತಿದ್ದದ್ದು ಆ ಒಂದು ಓಕೆಯಿಂದ.

ಒಂದು ದಿನ ನನಗೇ ನಾಚಿಕೆಯಾಗಿ ಒಂದು ಪದ್ಧತಿ ಶುರು ಮಾಡಿದೆ. ಅದನ್ನು ವಯಸ್ಸಿನ ಗೆರೆ ಎಂದು ಕರೆಯುತ್ತಿದ್ದೆ. ಹಾಳೆಯ ಮೇಲೆ ಉದ್ದಕ್ಕೆ ಒಂದು ಗೆರೆ. ಈ ತುದಿಯಲ್ಲಿ ಹದಿನೇಳು, ಆ ತುದಿಯಲ್ಲಿ ನಲವತ್ತು. ಓದು ಎಲ್ಲಿ ಮುಗಿಯುತ್ತದೆ, ಮೊದಲ ಸಂಬಳ ಎಲ್ಲಿ, ಸಾಲದ ಕೊನೆಯ ಕಂತು ಎಲ್ಲಿ ಎಂದು ಗುರುತು. ಅದರ ಕೆಳಗೆ ಎರಡನೆಯ ಗೆರೆ: ಕಾಲೇಜಿಗೆ ಹೋಗದೆ ಕೆಲಸ ಕಲಿತರೆ ಇದೇ ವಯಸ್ಸುಗಳಲ್ಲಿ ಏನು? ಹಾಳೆಯನ್ನು ಅಪ್ಪಂದಿರ ಕಡೆಗಲ್ಲ, ಸೋಫಾದ ಕಡೆಗೆ ಹಿಡಿಯುತ್ತಿದ್ದೆ. ಆಮೇಲೆ ಸೋಫಾವನ್ನೇ ಹೊರಗೆ ಹಾಕಿಸಿ ಮೂರನೆಯ ಕುರ್ಚಿ ತರಿಸಿದೆ. ನನ್ನ ವೃತ್ತಿಯಲ್ಲಿ ನಾನು ತಂದ ಅತಿ ದೊಡ್ಡ ಸುಧಾರಣೆ ಆ ಕುರ್ಚಿ ಎಂದರೆ ನಗಬೇಡಿ.

ಗೆರೆಯಲ್ಲಿ ಒಂದು ತಪ್ಪಿತ್ತು. ಅದನ್ನು ತೋರಿಸಿಕೊಟ್ಟವನು ಜೇಸನ್ ಎಂಬ ಹುಡುಗ. ಅಡುಗೆ ಅಂದರೆ ಪ್ರಾಣ ಅನ್ನುತ್ತಿದ್ದ. ನಾನು ಎರಡನೆಯ ಗೆರೆಯನ್ನು ಚೆನ್ನಾಗಿ ಎಳೆದೆ: ಹೋಟೆಲ್ ಕಿಚನ್ನಿನಲ್ಲಿ ಕಲಿಕೆ, ಇಪ್ಪತ್ತಕ್ಕೆ ಕುಕ್, ಮೂವತ್ತಕ್ಕೆ ಸ್ವಂತ ಅಂಗಡಿ. ಸಾಲವಿಲ್ಲ, ಬಾಧೆಯಿಲ್ಲ. ಅವನ ಅಪ್ಪ ಅಮ್ಮನನ್ನೂ ಒಪ್ಪಿಸಿದೆ. ಎರಡು ತಿಂಗಳಿಗೆ ಹುಡುಗ ವಾಪಸ್ ಬಂದ, ಮೊಣಕೈವರೆಗೆ ಸುಟ್ಟ ಗುರುತು, ಮುಖದಲ್ಲಿ ಕಳೆಯಿಲ್ಲ. ಇಂಗ್ಲಿಷಿನಲ್ಲಿ ಕೇಳಿದ: "ಸರ್, ನೀವು ಅಂಥ ಕಿಚನ್ನಲ್ಲಿ ಒಂದು ದಿನವಾದರೂ ನಿಂತಿದ್ದೀರಾ?"

ನಿಂತಿರಲಿಲ್ಲ. ಮೊದಲ ಗೆರೆಯ ಒಂದೊಂದು ಚುಕ್ಕಿಯನ್ನೂ ದಾಖಲೆ ನೋಡಿ ಇಡುತ್ತಿದ್ದೆ, ಎರಡನೆಯದನ್ನು ಎಸಿ ಕೋಣೆಯಲ್ಲಿ ಕೂತು ಊಹಿಸಿ ಎಳೆಯುತ್ತಿದ್ದೆ. ನನ್ನ ವಿದ್ಯಾರ್ಥಿ ಪರೀಕ್ಷೆಯಲ್ಲಿ ಹೀಗೆ ಮಾಡಿದ್ದರೆ ಸೊನ್ನೆ ಕೊಡುತ್ತಿದ್ದೆ. ಜೇಸನ್ ಆಮೇಲೆ ನಮ್ಮಲ್ಲೇ ಸರಕಾರದ ಶಿಕ್ಷಣ ಸಾಲ ತೆಗೆದುಕೊಂಡು ಅಕೌಂಟ್ಸ್ ಓದಿದ. ಈಗ ನನ್ನ ತೆರಿಗೆ ಫಾರಂ ತುಂಬಿಕೊಡುವವನು ಅವನೇ. ಸಾಲ ಮಾಡಿ ಓದುವುದು ತಪ್ಪು ಎಂದು ನಾನು ಯಾವತ್ತೂ ಹೇಳಿಲ್ಲ ಎನ್ನುವುದಕ್ಕೆ ಅವನನ್ನು ಸಾಕ್ಷಿಗೆ ಕರೆಯಬಹುದು. ಅಂದಿನಿಂದ ಒಂದು ನಿಯಮ ಮಾಡಿಕೊಂಡೆ: ಒಂದು ಹಗಲು ಹೋಗಿ ನಿಂತು ನೋಡದ ಕೆಲಸಕ್ಕೆ ಗೆರೆ ಎಳೆಯಕೂಡದು. ವಾರದ ರಜೆಗಳಲ್ಲಿ ಕಾರು ರಿಪೇರಿ, ವೆಲ್ಡಿಂಗ್, ಫ್ರಿಜ್ಜು, ಹೇರ್ ಕಟಿಂಗ್ ಎಲ್ಲವನ್ನೂ ನೋಡಿ ಬಂದೆ. ಹೆಂಡತಿ ಇದನ್ನು ನನ್ನ ತೀರ್ಥಯಾತ್ರೆ ಎನ್ನುತ್ತಿದ್ದಳು.

ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಟಾನ್. ಚಿಕ್ಕ ಆಳು, ದೊಡ್ಡ ಕನ್ನಡಕ, ಬೋರ್ಡಿನ ಸಂಖ್ಯೆ ಬಾಯಿಪಾಠ. ನನ್ನ ತೀರ್ಥಯಾತ್ರೆಯ ಸುದ್ದಿ ಅವರಿಗೂ ಮುಟ್ಟಿತು. "ಡಾಕ್ಟರ್ ಮೂರ್ತಿ," ಎಂದರು, ಮಾತಿನ ಕೊನೆಗೊಂದು ಲಾ ಸೇರಿಸುವ ತಮ್ಮ ಮಲೇಷ್ಯನ್ ಇಂಗ್ಲಿಷಿನಲ್ಲಿ, "ಕಾಲೇಜು ನಿಮಗೆ ಸಂಬಳ ಕೊಡ್ತಿರೋದು ಬಾಗಿಲು ತೆರೆಯೋಕ್ಕಾ, ಇಲ್ಲಾ ಬಂದವರಿಗೆ ಹೊರಗಿನ ದಾರಿ ತೋರಿಸೋಕ್ಕಾ ಲಾ?"

"ಎರಡೂ ಒಂದೇ ಬಾಗಿಲು ಮೇಡಂ," ಎಂದೆ. ಈ ಉತ್ತರ ಆಗಲೇ ಹೇಳಿದ್ದೋ, ಮನೆಗೆ ಹೋಗುವಾಗ ರೈಲಿನಲ್ಲಿ ಹೊಳೆದದ್ದೋ ಖಾತ್ರಿಯಿಲ್ಲ.

ಇಂಥ ಹೊತ್ತಿನಲ್ಲಿ ಬಸವರಾಜ ಬಂದರು. ಗದಗಿನವರು. ಪ್ಯಾಕಿಂಗ್ ಡಬ್ಬ ಮಾಡುವ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಮೆಕ್ಯಾನಿಕ್. ಇಲ್ಲೇ ಹುಟ್ಟಿ ಬೆಳೆದ ತಮಿಳು ಹೆಣ್ಣುಮಗಳು ಪುಷ್ಪಾರನ್ನು ಮದುವೆಯಾಗಿ ಇಲ್ಲೇ ನಿಂತವರು. ಒಬ್ಬಳೇ ಮಗಳು ಯಮುನಾ. ಅಪ್ಪ ಕನ್ನಡದಲ್ಲಿ ಕೇಳಿದರೆ ಮಗಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಅಮ್ಮ ತಮಿಳಿನಲ್ಲಿ ಇಬ್ಬರನ್ನೂ ಬೈಯುತ್ತಿದ್ದರು. ಆ ಮನೆಯಲ್ಲಿ ಯಾರಿಗೂ ಯಾರ ಮಾತೂ ಅರ್ಥವಾಗದೇ ಇರಲಿಲ್ಲ.

"ಸರ್ರ, ನಿಮ್ಮ ಕಾಲೇಜಿನ್ಯಾಗ ಒಂದ್ ವರ್ಷ ಫೌಂಡೇಶನ್ ಮಾಡಿದ್ರ ಮೆಲಾಕಾದಾಗ ಡಾಕ್ಟರ್ ಓದಾಕ ಸೀಟ್ ಸಿಗತೈತಂತ್ರೀ. ನಾ ಎಲ್ಲಾ ಕೇಳ್ಕೊಂಡ್ ಬಂದೀನಿ," ಎಂದು ಬಸವರಾಜ ಫೈಲು ಬಿಚ್ಚಿದರು. ಮಗಳ ಅಂಕಗಳು ಸಾಲುತ್ತಿದ್ದವು, ಅಷ್ಟೇ. ವಿದ್ಯಾರ್ಥಿವೇತನ ಸಿಗುವ ಎತ್ತರವಲ್ಲ. ಬಸವರಾಜ ತಮ್ಮ ಫ್ಲ್ಯಾಟನ್ನು ಬ್ಯಾಂಕಿಗೆ ಅಡ ಇಡಲು ತಯಾರಾಗಿ ಬಂದಿದ್ದರು. ಆ ಫ್ಲ್ಯಾಟು ಬಿಟ್ಟರೆ ಅವರಿಗೆ ಬೇರೆ ಏನೂ ಇರಲಿಲ್ಲ.

ನಾನು ಮೂರನೆಯ ಕುರ್ಚಿಯ ಕಡೆ ತಿರುಗಿ ಕೇಳಿದೆ. "ನಿನಗೇನು ಬೇಕಮ್ಮ?"

ಅವಳು ಮೊದಲು ಅಪ್ಪನನ್ನು ನೋಡಿದಳು. ಆಮೇಲೆ, "ಲಿಫ್ಟ್," ಎಂದಳು.

"ಲಿಫ್ಟಾ?"

"ಲಿಫ್ಟ್ ಟೆಕ್ನಿಷಿಯನ್, ಅಂಕಲ್. ಟ್ರೈನಿಂಗ್ ಸೆಂಟರ್ ಇದೆ. ದೇ ಪೇ ಯೂ ವೈಲ್ ಯೂ ಲರ್ನ್."

ಅವರ ಫ್ಲ್ಯಾಟಿನ ಲಿಫ್ಟು ತಿಂಗಳಿಗೊಮ್ಮೆ ಕೆಡುತ್ತಿತ್ತಂತೆ. ಬೇರೆ ಮಕ್ಕಳು ಮೆಟ್ಟಿಲು ಹತ್ತಿ ಹೋದರೆ ಇವಳು ಮೆಕ್ಯಾನಿಕ್‌ಗಳ ಪಕ್ಕ ನಿಂತು ನೋಡುತ್ತಿದ್ದಳಂತೆ. ಒಂದು ನೋಟ್‌ಬುಕ್ಕಿನಲ್ಲಿ ಯಾವತ್ತು ಯಾಕೆ ಕೆಟ್ಟಿತು ಎಂದು ಬರೆದಿಟ್ಟಿದ್ದಳು. ಸಂಖ್ಯಾಶಾಸ್ತ್ರದವನ ಹೃದಯ ಅಲ್ಲೇ ಕರಗಿತು ಎಂದು ಒಪ್ಪಿಕೊಳ್ಳುತ್ತೇನೆ.

"ನೋಡ್ರೀ ಸರ್ರ ಹೆಂಗದ ಅಂತ!" ಬಸವರಾಜರ ದನಿ ಏರಿತು. ಎರಡೂ ಕೈಯನ್ನು ನನ್ನ ಮೇಜಿನ ಮೇಲೆ ಚಾಚಿದರು. "ಈ ಉಗುರು ನೋಡ್ರಿ. ಇಪ್ಪತ್ತೈದ್ ವರ್ಷ ಆತು, ಯಾವ ಸೋಪಿಗೂ ಎಣ್ಣಿ ಹೋಗಿಲ್ಲ. ನನ್ನ ಮಗಳ ಕೈಯಾಗ ಸ್ಟೆತಾಸ್ಕೋಪ್ ಇರಬೇಕ್ರಿ, ಸ್ಪ್ಯಾನರ್ ಅಲ್ಲ."

"ಅಪ್ಪಾ, ಐ ಲೈಕ್ ಯುವರ್ ಹ್ಯಾಂಡ್ಸ್," ಎಂದಳು ಯಮುನಾ.

ಪುಷ್ಪಾ ಅವಳ ತೊಡೆಗೆ ಚಿವುಟಿದರು. "ಸುಮ್ನಿರು ಡೀ. ಸರ್, ನೀವೇ ಹೇಳಿ ಇವಳಿಗೆ. ನಾವು ಹೇಳಿದ್ರೆ ಕೇಳೋದಿಲ್ಲ."

ಹಾಳೆ ತೆಗೆದೆ. ಡಾಕ್ಟರ್ ಗೆರೆಯಲ್ಲಿ ಸಾಲದ ಕೊನೆಯ ಕಂತು ಮೂವತ್ತೆಂಟರ ಆಚೆ ಹೋಗಿ ಕೂತಿತು. ಅದರ ಪಕ್ಕದಲ್ಲೇ ಅಪ್ಪನ ವಯಸ್ಸನ್ನೂ ಬರೆದೆ. ಬಸವರಾಜ ಅದನ್ನು ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದರು. ನಡುವೆ ಓದು ಬಿಟ್ಟರೂ ಸಾಲ ಬಿಡುವುದಿಲ್ಲ, ಮನೆ ಬ್ಯಾಂಕಿನದಾಗುತ್ತದೆ ಎಂದೂ ಹೇಳಿದೆ. ಎರಡನೆಯ ಗೆರೆಯನ್ನು ಖಾಲಿ ಬಿಟ್ಟೆ. "ಲಿಫ್ಟಿನ ಕೆಲಸ ನಾನು ನೋಡಿಲ್ಲ. ಗುರುವಾರ ಹೋಗಿ ನೋಡೋಣ. ನೀವೂ ಬರಬೇಕು. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ," ಎಂದೆ. ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಅವಳ ಫೌಂಡೇಶನ್ ಸೀಟು ಆಗಲೇ ಬರೆದಾಗಿತ್ತು. ನಾನೇ ಹೋಗಿ ಅಳಿಸಿದೆ.

ಮೇಡಂ ಟಾನ್ ನೋಡುತ್ತಲೇ ಇದ್ದರು. "ಯಾಕೆ?" ಎಂದರು.

"ಹುಡುಗಿಗೆ ಮನಸ್ಸಿಲ್ಲ ಮೇಡಂ. ಎರಡನೇ ವರ್ಷದಲ್ಲಿ ಬಿಡ್ತಾಳೆ. ಮನೆ ಹೋಗುತ್ತೆ."

"ನಿಮಗೆ ಅಷ್ಟು ಖಾತ್ರಿಯಾ?"

"ಇಲ್ಲ."

"ಗುರುವಾರ ಅರ್ಧ ದಿನ ರಜೆ ಬರೆದುಕೊಡಿ. ಕಾಲೇಜಿನ ಸಮಯದಲ್ಲಿ ಲಿಫ್ಟ್ ಹತ್ತೋಕೆ ನಾನು ಬಿಡೋದಿಲ್ಲ," ಎಂದರು. ಬೈದರೋ ಒಪ್ಪಿಗೆ ಕೊಟ್ಟರೋ ತಿಳಿಯಲು ನನಗೆ ಮರುದಿನದವರೆಗೆ ಬೇಕಾಯಿತು. ಒಳ್ಳೆಯ ಮೇಲಧಿಕಾರಿಗಳು ಹೀಗೇ ಇರುತ್ತಾರೆ.

ತರಬೇತಿ ಕೇಂದ್ರ ಕಾರ್ಖಾನೆಗಳ ಸಾಲಿನಲ್ಲಿತ್ತು. ಹಿರಿಯ ಮೇಸ್ತ್ರಿ ಪಾಕ್ ಹಮೀದ್ ನಮ್ಮನ್ನು ಕರೆದುಕೊಂಡು ಹೋದರು. ಪಾಕ್ ಎಂದರೆ ಇಲ್ಲಿ ಹಿರಿಯರನ್ನು ಕರೆಯುವ ರೀತಿ. ಅವರು ಯಾವುದನ್ನೂ ಮುಚ್ಚಿಡಲಿಲ್ಲ. ಬಲಗೈಯ ಕಿರುಬೆರಳಿನ ತುದಿ ಇರಲಿಲ್ಲ, ಅದನ್ನು ಮೊದಲು ತೋರಿಸಿದರು. ಹಬ್ಬದ ದಿನವೂ ಕರೆ ಬರುತ್ತದೆ ಎಂದರು. ಲಿಫ್ಟಿನ ಮಾಡಿನ ಮೇಲೆ ನಿಂತು ಕತ್ತಲ ಬಾವಿಯಂಥ ಶಾಫ್ಟಿನಲ್ಲಿ ಕೆಲಸ ಮಾಡಬೇಕು ಎಂದು ಹೇಳಿ, ಸೊಂಟಕ್ಕೆ ಪಟ್ಟಿ ಕಟ್ಟಿ ಯಮುನಾಳನ್ನು ಮೇಲೆ ಹತ್ತಿಸಿದರು. ನನ್ನನ್ನೂ ಹತ್ತಿಸಿದರು. ನಾನು ಎರಡೂ ಕೈಯಲ್ಲಿ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡೆ. ಅವಳು ಹಗ್ಗಗಳನ್ನು ಎಣಿಸುತ್ತಿದ್ದಳು.

"ಹೌ ಮೆನಿ ಗರ್ಲ್ಸ್ ಹಿಯರ್, ಪಾಕ್?" ಎಂದು ಕೇಳಿದಳು.

"ಇದುವರೆಗೆ ಇಬ್ಬರು. ಒಬ್ಬಳು ಬಿಟ್ಟಳು," ಎಂದರು ಪಾಕ್ ಹಮೀದ್. ಸುಳ್ಳು ಹೇಳಲಿಲ್ಲ.

ಬಸವರಾಜ ಅಷ್ಟು ಹೊತ್ತೂ ಕೈ ಕಟ್ಟಿಕೊಂಡು ದೂರ ನಿಂತಿದ್ದರು. ಕೊನೆಗೆ ಅಭ್ಯಾಸಕ್ಕಾಗಿ ನಿಲ್ಲಿಸಿದ್ದ ಬಾಗಿಲೊಂದರ ಬಳಿ ಬಂದೆವು. ಗುಂಡಿ ಒತ್ತಿದರೆ ಬಾಗಿಲು ಮುಚ್ಚುತ್ತ ಬಂದು, ಪೂರ್ತಿ ಮುಚ್ಚದೆ ಮತ್ತೆ ತೆರೆದುಕೊಳ್ಳುತ್ತಿತ್ತು. ದೋಷವನ್ನು ಬೇಕೆಂದೇ ಇಟ್ಟಿದ್ದರು, ಕಲಿಯುವವರು ಹುಡುಕಬೇಕು. ಪಾಕ್ ಹಮೀದ್, ಅಪ್ಪ ಮಗಳಿಬ್ಬರ ಮುಖವನ್ನೂ ನೋಡಿ, "ಯಾರು ಹೇಳ್ತೀರಿ?" ಎಂದರು.

ಇಪ್ಪತ್ತೈದು ವರ್ಷದ ಮೆಕ್ಯಾನಿಕ್ ಎಷ್ಟು ಹೊತ್ತು ಕೈ ಕಟ್ಟಿಕೊಂಡಿರಬಲ್ಲ? ಬಸವರಾಜ ಮುಂದೆ ಬಂದು ಕಿವಿ ಕೊಟ್ಟು ಕೇಳಿದರು. "ಮೋಟರ್ ದಮ್ ಹೋಗೇತ್ರಿ," ಎಂದು ತೀರ್ಪು ಕೊಟ್ಟರು.

"ನೋ ಲಾ ಅಪ್ಪಾ," ಎಂದಳು ಯಮುನಾ. ಮತ್ತೆ ಗುಂಡಿ ಒತ್ತಿದಳು, ಇನ್ನೊಮ್ಮೆ ಒತ್ತಿದಳು. "ನೋಡಿ, ಎವ್ರಿ ಟೈಮ್ ಸೇಮ್ ಪ್ಲೇಸ್. ಮೋಟರ್ ವೀಕ್ ಆದ್ರೆ ಒಂದೊಂದ್ ಸಲ ಒಂದೊಂದ್ ಕಡೆ ನಿಲ್ಬೇಕು, ರೈಟ್?"

ಅವಳು ಇಷ್ಟು ಕನ್ನಡ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮೊಣಕಾಲೂರಿ ಕೂತು, ಬಾಗಿಲು ಜಾರುವ ಕೆಳಗಿನ ಸಂದಿನಲ್ಲಿ ಬೆರಳಾಡಿಸಿದಳು. ಒಂದು ಸಣ್ಣ ಸ್ಕ್ರೂ ಸಿಕ್ಕಿತು. ಎತ್ತಿ ಅಪ್ಪನ ಅಂಗೈಯಲ್ಲಿಟ್ಟಳು. ಗುಂಡಿ ಒತ್ತಿದಳು. ಬಾಗಿಲು ಮುಚ್ಚಿತು.

"ಪಾಂದೈ," ಎಂದರು ಪಾಕ್ ಹಮೀದ್. ಜಾಣೆ ಎಂದು ಅರ್ಥ. ಅವರು ಹೆಚ್ಚು ಹೊಗಳುವ ಮನುಷ್ಯನಂತೆ ಕಾಣಲಿಲ್ಲ.

ಬಸವರಾಜ ಸ್ಕ್ರೂವನ್ನು ಮೇಸ್ತ್ರಿಯ ಕೈಗೆ ಕೊಟ್ಟು ಹೊರಗೆ ನಡೆದರು. ಮರಳುವಾಗ ಕಾರಿನಲ್ಲಿ ಕಿಟಕಿಯ ಹೊರಗೇ ನೋಡುತ್ತ ಕೂತರು. ಸೋತೆವು ಎಂದುಕೊಂಡೆ. ಇಳಿಯುವಾಗ, "ಭಾನುವಾರ ನನಗ ರಜಾ ಐತ್ರಿ. ಮನಿಗೆ ಊಟಕ್ಕ ಬರ್ರಿ," ಎಂದಷ್ಟೇ ಹೇಳಿದರು.

ಎರಡು ದಿನ ತಯಾರಿ ನಡೆಸಿದೆ. ಪಾಕ್ ಹಮೀದರಿಗೆ ಎರಡು ಸಲ ಫೋನ್ ಮಾಡಿ ಎರಡನೆಯ ಗೆರೆಯನ್ನು ತುಂಬಿಸಿದೆ: ಕಲಿಕೆಯ ಸಂಬಳ, ಅರ್ಹತೆಯ ಪರೀಕ್ಷೆಗಳು, ಮುಂದೆ ಓದಬೇಕೆಂದರೆ ಕಂಪನಿಯೇ ಕಳಿಸುವ ಡಿಪ್ಲೊಮಾ, ಬೆರಳಿನ ತುದಿ ಕಳೆದುಕೊಳ್ಳುವ ಸಾಧ್ಯತೆ ಕೂಡ. ಭಾನುವಾರ ಅವರ ಮನೆಯಲ್ಲಿ ಜೋಳದ ರೊಟ್ಟಿ ಇತ್ತು. ಜೋಳದ ಹಿಟ್ಟನ್ನು ಎಲ್ಲಿಂದ ತರಿಸುತ್ತಿದ್ದರೋ. ಜೊತೆಗೆ ಪುಷ್ಪಾರ ಕೈಯ ಮೀನಿನ ಹುಳಿ, ನನಗಾಗಿ ಬೇರೆ ಸಾಂಬಾರು. ಊಟಕ್ಕೆ ಮೊದಲೇ ಶುರು ಮಾಡಿದೆ. ನಲವತ್ತು ನಿಮಿಷ ಮಾತಾಡಿದೆ. ನನ್ನ ಜೀವನದ ಅತ್ಯುತ್ತಮ ಉಪನ್ಯಾಸ ಅದು. ಇದರಲ್ಲಿ ನನ್ನ ನೆನಪಿಗೆ ಅನುಮಾನವೇ ಇಲ್ಲ. ಸಾಲ ಅಂದರೆ ಹದಿನೇಳರ ಹುಡುಗಿ ಮೂವತ್ತೆಂಟರ ಹೆಂಗಸಿನ ಪರವಾಗಿ ಕೊಡುವ ಮಾತು, ಆ ಹೆಂಗಸನ್ನು ಯಾರೂ ಕೇಳಿಲ್ಲ, ಎಂದೆ. ಆಸೆಯಿದ್ದವಳಿಗೆ ಆ ಸಾಲ ರೆಕ್ಕೆಯಾಗಬಹುದು, ಆಸೆಯಿಲ್ಲದವಳಿಗೆ ಕಾಲಿನ ಕಲ್ಲಾಗುತ್ತದೆ, ಎಂದೆ. ಮಗಳ ಕೈಗೆ ನಿಮ್ಮ ಕೈಯ ಬುದ್ಧಿ ಬಂದಿದೆ ಬಸವರಾಜ್, ಅದನ್ನು ನಾಚಿಕೆ ಅಂದುಕೊಳ್ಳಬೇಡಿ, ಎಂದೆ.

ಬಸವರಾಜ ತಲೆ ತಗ್ಗಿಸಿ ಪೂರ್ತಿ ಕೇಳಿದರು. ಪುಷ್ಪಾ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕೊನೆಗೆ ಬಸವರಾಜ ತಲೆಯೆತ್ತಿ, "ಆತ್ರಿ ಸರ್ರ. ನೀವು ಹೇಳಿದಂಗ ಆಗ್ಲಿ. ರೊಟ್ಟಿ ಆರತಾವು, ಉಣ್ರಿ," ಎಂದರು.

ಸೋಮವಾರ ಯಮುನಾ ತರಬೇತಿ ಕೇಂದ್ರಕ್ಕೆ ಫಾರಂ ಕೊಟ್ಟು ಬಂದಳು. ಅವಳಿಗೆ ಹದಿನೆಂಟು ತುಂಬಿರಲಿಲ್ಲವಾದ್ದರಿಂದ ಅಪ್ಪನ ಸಹಿ ಬೇಕಿತ್ತು, ಇತ್ತು. ನಾನು ಬೋರ್ಡಿನ ಮುಂದೆ ನಿಂತು, ನನ್ನ ಹೆಸರಿನ ಎದುರಿದ್ದ ಹಿಂದಿನ ವಾರದ ಕಡಿಮೆ ಸಂಖ್ಯೆಯನ್ನು ಪದಕದ ಹಾಗೆ ನೋಡಿದೆ.

ಈಗ ಅವಳು ಏನಾಗಿದ್ದಾಳೆ ಎಂದು ಹೇಳುವಾಗ ನನ್ನ ದನಿ ತಾನಾಗಿ ಏರುತ್ತದೆ, ಕ್ಷಮಿಸಿ. ಕಲಿಕೆಯನ್ನು ತನ್ನ ತಂಡದಲ್ಲಿ ಮೊದಲಿಗಳಾಗಿ ಮುಗಿಸಿದಳು. ಅವಳ ಗೆಳತಿಯರು ಡಿಗ್ರಿಯ ಕೊನೆಯ ಪರೀಕ್ಷೆ ಬರೆಯುವಾಗ ಇವಳು ಸ್ವಂತ ಕಾರಿನಲ್ಲಿ ಅಪ್ಪನನ್ನು ಕೂರಿಸಿಕೊಂಡು ತಿರುಗುತ್ತಿದ್ದಳು. ಡಿಪ್ಲೊಮಾವನ್ನು ಕಂಪನಿಯ ಖರ್ಚಿನಲ್ಲಿ ಮಾಡಿದಳು. ಈಗ ಮಾಂಟ್ ಕಿಯಾರಾದ ಎತ್ತರದ ಕಟ್ಟಡಗಳ ಲಿಫ್ಟುಗಳಿಗೆ ಮೇಲ್ವಿಚಾರಕಿ. ಕೈಕೆಳಗೆ ಹನ್ನೊಂದು ಜನ, ಅದರಲ್ಲಿ ನಾಲ್ವರು ಹುಡುಗಿಯರು. ಅವಳ ಹತ್ತೂ ಬೆರಳು ಪೂರ್ತಿಯಾಗಿವೆ. ಫ್ಲ್ಯಾಟು ಬಸವರಾಜರದೇ, ಬ್ಯಾಂಕಿನದಲ್ಲ. ನಿವೃತ್ತರಾದ ಅವರು ಈಗ ಮಗಳಿಗೆ ಫೋನಿನಲ್ಲಿ ಮೋಟರ್ ವಿಷಯ ಸಲಹೆ ಕೊಡುತ್ತಾರೆ, ಅವಳು ಕೇಳಿದ ಹಾಗೆ ಮಾಡುತ್ತಾಳೆ. ಮೆಲಾಕಾದಲ್ಲಿ ಡಾಕ್ಟರಾದ ಅವಳ ಸಹಪಾಠಿಯೊಬ್ಬಳು ಸಾಲ ತೀರಿಸುತ್ತಲೇ ಸಂತೋಷವಾಗಿದ್ದಾಳೆ. ಅವಳಿಗೆ ಆ ಸಾಲ ಮಾಡು ಎಂದವನೂ ನಾನೇ, ಅದಕ್ಕೂ ಹೆಮ್ಮೆಯಿದೆ.

ಆ ಭಾನುವಾರದ ಉಪನ್ಯಾಸವನ್ನು ನಾನು ಹೊಸ ಕೌನ್ಸೆಲರುಗಳಿಗೆ ವರ್ಷಗಟ್ಟಲೆ ಪಾಠ ಮಾಡಿದೆ. ಒಬ್ಬ ತಂದೆಯ ಮನಸ್ಸು ನಲವತ್ತು ನಿಮಿಷದಲ್ಲಿ ಹೇಗೆ ಬದಲಾಗುತ್ತದೆ ಎಂದು ಬೋರ್ಡಿನ ಮೇಲೆ ಹಂತ ಹಂತವಾಗಿ ಬರೆದು ತೋರಿಸಿದೆ.

ಈ ಬರಹಕ್ಕಾಗಿ ಕಳೆದ ತಿಂಗಳು ಯಮುನಾಳಿಗೆ ಫೋನ್ ಮಾಡಿ, "ಅವತ್ತು ನನ್ನ ಯಾವ ಮಾತು ಅಪ್ಪನಿಗೆ ನಾಟಿತಮ್ಮ?" ಎಂದು ಕೇಳಿದೆ.

ಆ ಕಡೆ ನಗು. "ಅಂಕಲ್, ಯೂ ಡೋಂಟ್ ನೋ? ಅಪ್ಪ ಆಗಲೇ ಸೈನ್ ಮಾಡಿದ್ರು. ಲಿಫ್ಟ್ ಡೋರ್ ನೋಡಿ ಬಂದ್ರಲ್ಲ, ನೆಕ್ಸ್ಟ್ ಡೇ."

"ಹಾಗಿದ್ರೆ ನಾನು ಅಷ್ಟು ಹೊತ್ತು ಮಾತಾಡುವಾಗ ಯಾಕೆ ಸುಮ್ಮನಿದ್ರು?"

"ಅಪ್ಪ ಹೇಳಿದ್ರು, ಪಾಪ ಸರ್ ಇಷ್ಟೆಲ್ಲಾ ಬರ್ಕೊಂಡ್ ಬಂದಾರ, ಮಾತಾಡ್ಲಿ ಬಿಡು ಅಂತ."

ನಾನು ನಂಬಲಿಲ್ಲ. ಹನ್ನೆರಡು ವರ್ಷದ ಹಿಂದಿನ ಮಾತು, ಅವಳ ನೆನಪೇನು ದಾಖಲೆಯೇ? ಕಾಗದ ಇದ್ದರೆ ಕಳಿಸು ಎಂದೆ. ಹತ್ತು ನಿಮಿಷದಲ್ಲಿ, ಅವಳು ಜೋಪಾನವಾಗಿಟ್ಟಿದ್ದ ಆ ಫಾರಂನ ನಕಲಿನ ಫೋಟೋ ಬಂತು. ಕೆಳಗೆ ಬಸವರಾಜರ ದಪ್ಪ ಕನ್ನಡ ಸಹಿ, ಪಕ್ಕದಲ್ಲಿ ಅವರದೇ ಕೈಬರಹದ ತಾರೀಖು. ಭಾನುವಾರದ ಊಟ ಬರೆದಿಟ್ಟ ನನ್ನ ಹಳೆಯ ಡೈರಿಯನ್ನು ಹುಡುಕಿ ತೆಗೆದೆ. ಆ ವರ್ಷದ ಕ್ಯಾಲೆಂಡರನ್ನೂ ಪಕ್ಕದಲ್ಲಿಟ್ಟು ಎರಡು ಸಲ ತಾಳೆ ನೋಡಿದೆ. ಸಹಿ ಬಿದ್ದದ್ದು ನಾನು ಬಾಯಿ ತೆರೆಯುವುದಕ್ಕೆ ಎರಡು ದಿನ ಮೊದಲು, ಶುಕ್ರವಾರ.